ವರದಿ ಸರಿಯಿದೆ, ಎದೆ ಮಾತ್ರ ಡವಗುಟ್ಟುತ್ತಲೇ ಇದೆ

ಕಲಬುರಗಿಯ ಯಾವ ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೋದರೂ, ತೊಡೆಯ ಮೇಲೆ ದಪ್ಪ ಫೈಲು ಇಟ್ಟುಕೊಂಡು ಕುಳಿತವರು ಒಬ್ಬರಾದರೂ ಸಿಗುತ್ತಾರೆ. ಫೈಲಿನೊಳಗೆ ಊರಿನಲ್ಲೇ ತೆಗೆಸಿದ ಇಸಿಜಿ, ಸೊಲ್ಲಾಪುರದಲ್ಲಿ ಮಾಡಿಸಿದ ಹೃದಯದ ಸ್ಕ್ಯಾನ್ ಎಕೋ, ಹೈದರಾಬಾದಿನ ಎಂಡೋಸ್ಕೋಪಿ, ಮೂರು ಬೇರೆ ಬೇರೆ ಲ್ಯಾಬುಗಳ ರಕ್ತಪರೀಕ್ಷೆ. ಎಲ್ಲದರಲ್ಲೂ ಸರಿಯಿದೆ ಎಂದೇ ಬರೆದಿರುತ್ತದೆ. ಆದರೂ ಅವರ ಎದೆ ಹಿಂಡುತ್ತದೆ, ಕೈ ಜುಮ್ಮೆನ್ನುತ್ತದೆ, ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ನಾಡಿ ಹಿಡಿದು ಕೂರುತ್ತಾರೆ. ‘ಏನೂ ಇಲ್ಲ, ಟೆನ್ಶನ್ ಮಾಡಿಕೊಳ್ಳಬೇಡಿ’ ಎಂದು ವೈದ್ಯರು ಹೇಳಿ ಕಳಿಸುತ್ತಾರೆ. ಮನೆಯವರು ಮೊದಲು ಗಾಬರಿಯಾಗುತ್ತಾರೆ, ಆಮೇಲೆ ಬೇಸರಪಡುತ್ತಾರೆ, ಕೊನೆಗೆ ‘ಇದು ಇವರ ಹಣೆಬರಹ’ ಎಂದು ಸುಮ್ಮನಾಗುತ್ತಾರೆ.

‘ಏನೂ ಇಲ್ಲ’ ಎನ್ನುವ ಆ ಮಾತು ಅರ್ಧ ಸತ್ಯ. ಹೃದಯದಲ್ಲಿ ರೋಗವಿಲ್ಲ ಎನ್ನುವುದು ನಿಜ. ನೋವೇ ಇಲ್ಲ, ಜುಮ್ಮೆನ್ನುವುದೇ ಇಲ್ಲ ಎನ್ನುವುದು ಸುಳ್ಳು. ಆರೋಗ್ಯದ ಆತಂಕದಲ್ಲಿ, ಅಂದರೆ ತನಗೆ ದೊಡ್ಡ ಕಾಯಿಲೆಯಿದೆ ಎಂಬ ಬಿಡದ ಭಯದಲ್ಲಿ, ಕಾಣಿಸಿಕೊಳ್ಳುವ ಒಂದೊಂದು ಲಕ್ಷಣವೂ ದೇಹದಲ್ಲಿ ನಿಜವಾಗಿ ನಡೆಯುತ್ತದೆ. ಅದಕ್ಕೆ ಕಾರಣವಿದೆ, ಕ್ರಮವಿದೆ. ಅದನ್ನು ಬಿಡಿಸಿ ಹೇಳದೆ ‘ಏನೂ ಇಲ್ಲ’ ಎಂದರೆ, ‘ನಾನು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡರು’ ಎಂಬ ಅವಮಾನ ಹೊತ್ತು ರೋಗಿ ಇನ್ನೊಬ್ಬ ವೈದ್ಯರ ಬಾಗಿಲಿಗೆ ಹೋಗುತ್ತಾರೆ. ಹೊರಗಿನಿಂದ ನೋಡುವವರು ಇದನ್ನು ನಾಟಕ ಎನ್ನುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ.

ಸೇಡಂ ಕಡೆಯ ಮೂವತ್ತೆಂಟು ವರ್ಷದ ಶಿಕ್ಷಕರೊಬ್ಬರು ಎಂದಿಟ್ಟುಕೊಳ್ಳಿ. ಜೊತೆಗೆ ಕೆಲಸ ಮಾಡುತ್ತಿದ್ದವರೊಬ್ಬರು ಹೃದಯಾಘಾತದಿಂದ ತೀರಿಕೊಂಡಿದ್ದಾರೆ. ಮಣ್ಣಿಗೆ ಹೋಗಿ ಬಂದ ರಾತ್ರಿ ಇವರಿಗೆ ಎಡ ಎದೆಯಲ್ಲಿ ಚುಳುಕ್ ಎಂದಿದೆ. ಆ ನೋವು ಸ್ನಾಯುವಿನದಿರಬಹುದು, ಹುಳಿತೇಗಿನದಿರಬಹುದು. ಆದರೆ ಮನಸ್ಸು ಅದನ್ನು ಸಾವಿನ ಸುದ್ದಿಯ ಪಕ್ಕದಲ್ಲಿಟ್ಟು ಓದುತ್ತದೆ. ಅಷ್ಟು ಸಾಕು, ಮಿದುಳಿನ ಎಚ್ಚರಿಕೆಯ ಭಾಗ ಕೆಲಸಕ್ಕಿಳಿಯುತ್ತದೆ. ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಹೃದಯ ಜೋರಾಗಿ, ವೇಗವಾಗಿ ಬಡಿಯುತ್ತದೆ. ಓಡಲು ಅಥವಾ ಹೊಡೆದಾಡಲು ಕೈಕಾಲಿನ ಸ್ನಾಯುಗಳಿಗೆ ರಕ್ತ ಬೇಕು, ಹಾಗಾಗಿ ಹೊಟ್ಟೆಯ ಕಡೆಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಹೊಟ್ಟೆ ತೊಳಸುವುದು, ಪದೇ ಪದೇ ಶೌಚಕ್ಕೆ ಹೋಗಬೇಕೆನಿಸುವುದು, ಬಾಯಿ ಒಣಗುವುದು ಎಲ್ಲವೂ ಇದರ ಹಿಂದೆಯೇ ಬರುತ್ತವೆ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ದೇಹದ ಈ ಸಿದ್ಧತೆಯನ್ನು 1915ರಲ್ಲೇ ವಿವರಿಸಿದ್ದರು. ಎದುರಿಗೆ ಹಾವು ಬಂದರೆ ನಮ್ಮನ್ನು ಉಳಿಸುವುದು ಇದೇ ಸಿದ್ಧತೆ. ಮಂಚದ ಮೇಲೆ ಮಲಗಿರುವ ಶಿಕ್ಷಕರಿಗೆ ಓಡಲು ಜಾಗವಿಲ್ಲ, ಹೊಡೆಯಲು ಎದುರಾಳಿಯಿಲ್ಲ. ತಯಾರಿ ಪೂರ್ತಿ ನಡೆದಿದೆ, ಕೆಲಸವೇ ಇಲ್ಲ.

ಇದರಲ್ಲಿ ಹೆಚ್ಚು ಮೋಸ ಮಾಡುವುದು ಉಸಿರು. ಗಾಬರಿಯಲ್ಲಿ ನಾವು ನಮಗೆ ಗೊತ್ತಾಗದಂತೆಯೇ ಬೇಗ ಬೇಗ, ಎದೆಯ ಮೇಲ್ಭಾಗದಿಂದ ಉಸಿರಾಡುತ್ತೇವೆ. ಆಗ ದೇಹಕ್ಕೆ ಆಮ್ಲಜನಕ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್. ಅದು ಇಳಿದರೆ ಮಿದುಳಿನ ರಕ್ತನಾಳಗಳು ತುಸು ಕುಗ್ಗುತ್ತವೆ, ತಲೆ ಹಗುರಾದಂತೆ, ಸುತ್ತಲಿನದೆಲ್ಲ ದೂರ ಸರಿದಂತೆ ಅನ್ನಿಸುತ್ತದೆ. ರಕ್ತದ ಕ್ಷಾರತೆ ಏರಿ, ನರಗಳಿಗೆ ದೊರೆಯುವ ಕ್ಯಾಲ್ಸಿಯಂ ತಾತ್ಕಾಲಿಕವಾಗಿ ಇಳಿಯುವುದರಿಂದ ಬೆರಳ ತುದಿಗಳಲ್ಲಿ, ತುಟಿಯ ಸುತ್ತ ಜುಮುಜುಮು ಶುರುವಾಗುತ್ತದೆ. ಉಸಿರು ಸಾಲುತ್ತಿಲ್ಲ ಎನ್ನಿಸಿ ಇನ್ನೂ ಜೋರಾಗಿ ಎಳೆದುಕೊಂಡರೆ ಎಲ್ಲವೂ ಹೆಚ್ಚುತ್ತದೆ. ಹೀಗೆ ಉಸಿರೆಳೆಯಲು ಇಡೀ ರಾತ್ರಿ ದುಡಿದ ಪಕ್ಕೆಲುಬಿನ ನಡುವಿನ ಸ್ನಾಯುಗಳು ಮರುದಿನ ನೋಯುತ್ತವೆ. ಎಡಗೈ ಜುಮ್ಮೆನ್ನುತ್ತಿದೆ, ಎದೆ ನೋಯುತ್ತಿದೆ, ತಲೆ ತಿರುಗುತ್ತಿದೆ ಎಂದಾಗ ಆ ಶಿಕ್ಷಕರಿಗೆ ಬೇರೆ ಯಾವ ಅರ್ಥ ಹೊಳೆಯಬೇಕು? ದೇಹ ಕೊಟ್ಟ ಸಾಕ್ಷ್ಯ ನಿಜ, ಅದರಿಂದ ಮಾಡಿಕೊಂಡ ತೀರ್ಮಾನ ತಪ್ಪು.

ಹೃದಯ ಒಮ್ಮೊಮ್ಮೆ ಒಂದು ಬಡಿತ ಬಿಟ್ಟಂತೆ ಆಗುವುದೂ ಹೀಗೆಯೇ. ಸಾಮಾನ್ಯವಾಗಿ ಅಲ್ಲಿ ಆಗುವುದು ಒಂದು ಬಡಿತ ಸ್ವಲ್ಪ ಬೇಗ ಬರುವುದು, ಅದರ ನಂತರ ತುಸು ಹೆಚ್ಚು ಬಿಡುವು, ಆಮೇಲಿನ ಬಡಿತ ಜೋರು. ಆರೋಗ್ಯವಂತರಲ್ಲೂ ಇದು ತುಂಬಾ ಸಾಮಾನ್ಯ. ಚಹಾ, ನಿದ್ದೆಗೇಡು, ಆತಂಕ ಇದನ್ನು ಹೆಚ್ಚಿಸುತ್ತವೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗುವುದು, ಕಣ್ಣುರೆಪ್ಪೆ ಅದುರುವುದು, ಗಾಬರಿ ಇಳಿದ ಮೇಲೆ ಮೈಯೆಲ್ಲ ಸೋತುಹೋಗುವುದು ಇವೂ ಅದೇ ಗುಂಪಿನವು.

ನಮ್ಮ ಭಾಗದಲ್ಲಿ ಇದಕ್ಕೆ ಬಿಸಿಲೂ ಸೇರಿಕೊಳ್ಳುತ್ತದೆ. ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಗಳ ತಾಪಮಾನ 43 ಡಿಗ್ರಿ ದಾಟುವುದು ಹೊಸದಲ್ಲ. ಆ ಬಿಸಿಗೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬೆವರಿನಲ್ಲಿ ನೀರೂ ಉಪ್ಪೂ ಹೋಗುತ್ತವೆ, ಹೃದಯ ವೇಗ ಹೆಚ್ಚಿಸಿಯೇ ರಕ್ತದೊತ್ತಡ ಕಾಯ್ದುಕೊಳ್ಳಬೇಕು. ಎದ್ದು ನಿಂತಾಗ ಕಣ್ಣು ಕತ್ತಲಿಟ್ಟಂತಾಗುತ್ತದೆ. ಮೊದಲೇ ಆತಂಕವಿರುವವರಿಗೆ ಬೇಸಿಗೆ ಹೆಚ್ಚು ಕಷ್ಟ ಕೊಡುವುದಕ್ಕೆ ಇದೇ ಕಾರಣ. ಉಪ್ಪು ಹಾಕಿದ ಮಜ್ಜಿಗೆ, ನೆರಳು, ವಿಶ್ರಾಂತಿಯಿಂದ ಹೋಗುವ ಬಡಿತಕ್ಕೆ ಎಕೋ ಬೇಕಿಲ್ಲ. ಆದರೆ ಬಿಸಿಲಿನಲ್ಲಿದ್ದವರಿಗೆ ಮಾತು ತೊದಲಿದರೆ, ಗೊಂದಲವಾದರೆ, ಮೈ ಕೆಂಡದಂತೆ ಕಾದರೆ ಅದು ಆತಂಕವಲ್ಲ, ಬಿಸಿಲಾಘಾತ. ತಡಮಾಡಬಾರದು.

ಗಮನದ ಪಾತ್ರವನ್ನು ಅರಿಯಲು ಒಂದು ಸಣ್ಣ ಪರೀಕ್ಷೆ ಈಗಲೇ ಮಾಡಬಹುದು. ನಿಮ್ಮ ನಾಲಿಗೆ ಬಾಯಿಯಲ್ಲಿ ಎಲ್ಲಿ ತಾಗಿದೆ ಎಂದು ಅರ್ಧ ನಿಮಿಷ ಗಮನಿಸಿ. ಇಷ್ಟು ಹೊತ್ತು ಇಲ್ಲದ ನಾಲಿಗೆ ಈಗ ಬಾಯಿ ತುಂಬ ಇದೆ ಅನ್ನಿಸುತ್ತದೆ. ನಾಲಿಗೆ ಬದಲಾಗಲಿಲ್ಲ, ನಿಮ್ಮ ಗಮನ ಅಲ್ಲಿಗೆ ಹೋಯಿತು. ಹಗಲಿಡೀ ಎದೆಯ ಮೇಲೆ ಹೀಗೆ ಗಮನವಿಟ್ಟವರಿಗೆ, ಉಳಿದವರು ಗಮನಿಸದೆ ಬಿಡುವ ಪ್ರತಿಯೊಂದು ಸಣ್ಣ ಕದಲಿಕೆಯೂ ಕೇಳಿಸುತ್ತದೆ. ಕುತ್ತಿಗೆಯ ಗಂಟು ದೊಡ್ಡದಾಯಿತೇ ಎಂದು ದಿನವೂ ಹಿಸುಕಿ ನೋಡುವವರಿಗೆ ಆ ಜಾಗ ನೋಯುತ್ತದೆ, ಊದಿಕೊಳ್ಳಲೂಬಹುದು. ಬಿಪಿ ಯಂತ್ರ ಕೊಂಡವರ ಕಥೆಯೂ ಇದೇ. ಹೆದರಿ ನೋಡಿದರೆ ಹೆಚ್ಚು ಬರುತ್ತದೆ, ಹೆಚ್ಚು ಬಂತೆಂದು ಹೆದರಿ ಮತ್ತೆ ನೋಡುತ್ತಾರೆ.

ಸಮಾಧಾನವೇ ಸಾಲವಾಗುವುದು

1986ರಲ್ಲಿ ಬ್ರಿಟನ್ನಿನ ಮನೋವಿಜ್ಞಾನ ಸಂಶೋಧಕರಾದ ಪಾಲ್ ಸಾಲ್ಕೋವ್ಸ್ಕಿಸ್ ಮತ್ತು ಹಿಲರಿ ವಾರ್ವಿಕ್ ಒಂದು ಮುಖ್ಯ ವಿಷಯವನ್ನು ಮುಂದಿಟ್ಟರು. ಕಾಯಿಲೆಯ ಭಯ ಹುಟ್ಟುವುದಕ್ಕೆ ಕಾರಣ ನೂರಿರಬಹುದು, ಆದರೆ ಅದು ಉಳಿದುಕೊಳ್ಳುವುದು ಮತ್ತೆ ಮತ್ತೆ ಸಮಾಧಾನ ಹುಡುಕುವುದರಿಂದ ಎಂದು. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇಲ್ಲಿದೆ. ವೈದ್ಯರು ‘ಸರಿಯಿದೆ’ ಎಂದ ಕೂಡಲೇ ಎದೆ ತಣ್ಣಗಾಗುತ್ತದೆ. ಬಸ್ ಹತ್ತುವಷ್ಟರಲ್ಲಿ ‘ಅವರು ಸರಿಯಾಗಿ ನೋಡಿದರೋ ಇಲ್ಲವೋ’ ಎಂಬ ಸಂಶಯ ಬರುತ್ತದೆ. ತೊಗರಿ ಬಿತ್ತಲು ಸಾಹುಕಾರರಿಂದ ತಂದ ಕೈಸಾಲದ ಹಾಗೆ ಇದು: ಇವತ್ತಿನ ಅಡಚಣೆ ಕಳೆಯುತ್ತದೆ, ಬಡ್ಡಿ ಬೆಳೆಯುತ್ತದೆ, ಮುಂದಿನ ಸಲ ಇನ್ನೂ ಹೆಚ್ಚು ತರಬೇಕಾಗುತ್ತದೆ. ಮೊದಲು ಒಂದು ಇಸಿಜಿಯಿಂದ ಬರುತ್ತಿದ್ದ ನೆಮ್ಮದಿಗೆ ಆಮೇಲೆ ಆಂಜಿಯೋಗ್ರಾಂ ಬೇಕೆನಿಸುತ್ತದೆ. ನಾಡಿ ಹಿಡಿಯುವುದು, ಮೊಬೈಲಿನಲ್ಲಿ ಲಕ್ಷಣ ಹುಡುಕುವುದು, ‘ನನಗೆ ಏನೂ ಆಗುವುದಿಲ್ಲ ಅಲ್ಲವೇ’ ಎಂದು ದಿನಕ್ಕೆ ಹತ್ತು ಬಾರಿ ಹೆಂಡತಿಯನ್ನು ಕೇಳುವುದು, ಆಸ್ಪತ್ರೆ ಹತ್ತಿರವಿರುವ ಊರಿಗೆ ಮಾತ್ರ ಪ್ರಯಾಣ ಮಾಡುವುದು, ಎಲ್ಲವೂ ಇದೇ ಲೆಕ್ಕದಲ್ಲಿ ಸೇರುತ್ತವೆ.

ಪರೀಕ್ಷೆಗಳ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು, ಯಾಕೆಂದರೆ ಇದನ್ನು ಲ್ಯಾಬಿನಲ್ಲಿ ಯಾರೂ ಹೇಳುವುದಿಲ್ಲ. ವರದಿಯ ಬಲಗಡೆ ಮುದ್ರಿಸುವ ಸಹಜ ಮಿತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿ ಒಳಗೆ ಬರುವಂತೆ ಗೊತ್ತುಮಾಡಿರುತ್ತಾರೆ. ಅಂದರೆ ಯಾವ ರೋಗವೂ ಇಲ್ಲದ ಐದು ಜನರ ಅಂಕಿ ಮಿತಿಯ ಹೊರಗೆ ಬೀಳುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿದರೆ, ಪೂರ್ತಿ ಆರೋಗ್ಯವಾಗಿರುವವರಿಗೂ ಒಂದಾದರೂ ಅಂಕಿ ದಪ್ಪಕ್ಷರದಲ್ಲಿ ಬರುವ ಸಾಧ್ಯತೆ ನೂರಕ್ಕೆ ಸುಮಾರು 64. ಸಂಪೂರ್ಣ ದೇಹ ತಪಾಸಣೆಯ ಪ್ಯಾಕೇಜುಗಳಲ್ಲಿ ಇಪ್ಪತ್ತಲ್ಲ, ಅರವತ್ತು ಎಪ್ಪತ್ತು ಅಂಶಗಳಿರುತ್ತವೆ. ಆತಂಕವಿರುವವರಿಗೆ ಇಂಥ ಪ್ಯಾಕೇಜು ಮಾರುವುದು ನನಗೆ ಸರಿಯೆನಿಸುವುದಿಲ್ಲ. ಇಸಿಜಿ ಯಂತ್ರ ತಾನಾಗಿ ಮುದ್ರಿಸುವ ‘ಸೈನಸ್ ಟ್ಯಾಕಿಕಾರ್ಡಿಯಾ’ ಎಂಬ ಪದ ನೋಡಿ ರಾತ್ರಿಯಿಡೀ ಅಳುವವರಿದ್ದಾರೆ. ಅದು ಹೇಳುವುದಿಷ್ಟೇ: ಬಡಿತ ತನ್ನ ಸಹಜ ಮೂಲದಿಂದಲೇ ಬರುತ್ತಿದೆ, ನಿಮಿಷಕ್ಕೆ ನೂರಕ್ಕಿಂತ ಹೆಚ್ಚಿದೆ. ಹೆದರಿ ಮಲಗಿದವರ ಹೃದಯ ಹಾಗೆ ಬಡಿಯುವುದರಲ್ಲಿ ಅಚ್ಚರಿಯಿಲ್ಲ. ಜ್ವರ, ರಕ್ತಹೀನತೆ, ಥೈರಾಯ್ಡ್ ತೊಂದರೆಗಳಲ್ಲೂ ಹಾಗಾಗುವುದರಿಂದ ಅದರ ಅರ್ಥವನ್ನು ಹೇಳಬೇಕಾದವರು ವೈದ್ಯರು, ಮೊಬೈಲ್ ಅಲ್ಲ.

ಸುದ್ದಿಯೂ ಭಯ ಹರಡುತ್ತದೆ. ಭಾರತದಲ್ಲಿ ಕೋವಿಡ್‌ನಿಂದಾದ ಮೊದಲ ಸಾವು ಸಂಭವಿಸಿದ್ದು ಕಲಬುರಗಿಯ 76 ವರ್ಷದ ಹಿರಿಯರಿಗೆ, 2020ರ ಮಾರ್ಚ್ 10ರಂದು. ದೇಶವೆಲ್ಲ ಟಿವಿಯಲ್ಲಿ ನೋಡುತ್ತಿದ್ದ ಭಯವನ್ನು ಈ ಊರು ತನ್ನ ಓಣಿಗಳಲ್ಲಿ ಕಂಡಿತು. ಒಂದು ಕೆಮ್ಮಿಗೆ ಬೆಚ್ಚಿಬೀಳುವ ಅಭ್ಯಾಸ ಹಲವರಿಗೆ ಅಂದಿನಿಂದ ಹೋಗಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ, 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳು ದಿನವೂ ಸುದ್ದಿಯಾದಾಗ, ಹೃದ್ರೋಗ ಆಸ್ಪತ್ರೆಗಳ ಮುಂದೆ ಉದ್ದುದ್ದ ಸಾಲು ನಿಂತಿತು. ಅದರಿಂದ ತಮ್ಮ ಸಕ್ಕರೆ ಕಾಯಿಲೆ, ಏರಿದ ಬಿಪಿ ಮೊದಲ ಸಲ ತಿಳಿದುಕೊಂಡವರೂ ಇರಬಹುದು, ಅದು ಒಳ್ಳೆಯದೇ. ಆದರೆ ಆತಂಕದ ಸ್ವಭಾವದವರಿಗೆ ಆ ಸಾಲು ಒಂದು ದಿನಕ್ಕೆ ಮುಗಿಯಲಿಲ್ಲ.

ಹಾಗಾದರೆ ತೋರಿಸಿಕೊಳ್ಳಬಾರದೇ?

ತೋರಿಸಿಕೊಳ್ಳಬೇಕು. ಒಂದು ಸಲ, ಸರಿಯಾಗಿ, ಒಬ್ಬರೇ ವೈದ್ಯರ ಬಳಿ. ಥೈರಾಯ್ಡ್ ಹೆಚ್ಚು ಕೆಲಸ ಮಾಡಿದರೆ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ. ರಕ್ತಹೀನತೆಯಲ್ಲಿ ಏದುಸಿರು, ಸುಸ್ತು ಬರುತ್ತದೆ. ಬಿ-12 ಕೊರತೆಯಲ್ಲಿ ಕೈಕಾಲು ಜುಮ್ಮೆನ್ನುತ್ತವೆ. ಇವನ್ನು ಆತಂಕದ ಲೆಕ್ಕಕ್ಕೆ ಹಾಕಿ ಕೈತೊಳೆದುಕೊಳ್ಳುವುದು ಅನ್ಯಾಯ. ವಿಶೇಷವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ ಈ ಅನ್ಯಾಯ ಹೆಚ್ಚು. ‘ಎದೆ ಹಾರುತ್ತದೆ, ಮೆಟ್ಟಿಲು ಹತ್ತಲಾಗುವುದಿಲ್ಲ’ ಎಂದ ಹೆಂಗಸಿಗೆ ಒಂದು ಸಲಾಯಿನ್ ಹಚ್ಚಿ ಮನೆಗೆ ಕಳಿಸುವುದು ಸುಲಭ. ಹಿಮೋಗ್ಲೋಬಿನ್ ನೋಡಿದರೆ ಏಳೋ ಎಂಟೋ ಇದ್ದೀತು. ಮೊದಲ ತಪಾಸಣೆ ಪೂರ್ತಿಯಾಗದೆ ‘ಇದು ಮನಸ್ಸಿನದು’ ಎನ್ನುವ ಹಕ್ಕು ಯಾರಿಗೂ ಇಲ್ಲ.

ಕೆಲವು ಲಕ್ಷಣಗಳಿಗೆ ಯೋಚಿಸುತ್ತ ಕೂರಬಾರದು. ಎದೆಯ ಮೇಲೆ ಭಾರ ಹೇರಿದಂಥ ನೋವು ಬಂದು ತಣ್ಣನೆ ಬೆವರಿದರೆ, ಅದು ದವಡೆಗೋ ತೋಳಿಗೋ ಹರಿದರೆ, ನಡೆದಾಗ ಹೆಚ್ಚಿ ನಿಂತಾಗ ಕಡಿಮೆಯಾದರೆ, ಪ್ರಜ್ಞೆ ತಪ್ಪಿದರೆ, ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಬೇಕು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಹೃದಯಾಘಾತ ಎದೆನೋವಿಲ್ಲದೆ ಬರೀ ಏದುಸಿರು, ವಾಂತಿ, ಸುಸ್ತಾಗಿಯೂ ಬರಬಹುದು. ಎರಡು ವಾರ ದಾಟಿದ ಕೆಮ್ಮು, ಕಾರಣವಿಲ್ಲದೆ ಇಳಿಯುವ ತೂಕ, ಮಲದಲ್ಲಿ ರಕ್ತ ಇವೂ ವೈದ್ಯರಿಗೆ ತಿಳಿಸಬೇಕಾದವೇ. ಹಳೆಯ ಲಕ್ಷಣವೇ ಮರಳಿ ಬಂದರೆ ಅದಕ್ಕೊಂದು ದಾರಿ, ಹೊಸದು ಬಂದರೆ ಇನ್ನೊಂದು ದಾರಿ. ಈ ವ್ಯತ್ಯಾಸವನ್ನು ನಿಮ್ಮ ವೈದ್ಯರೊಂದಿಗೆ ಮೊದಲೇ ಮಾತಾಡಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲೇ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ ಉದ್ಘಾಟನೆಯಾಗಿರುವುದರಿಂದ ಹೃದಯದ ಸಂಶಯಕ್ಕೆ ಸೊಲ್ಲಾಪುರ, ಹೈದರಾಬಾದಿನ ದಾರಿ ಹಿಡಿಯಬೇಕಾದ ಕಾಲ ಈಗಿಲ್ಲ.

ತಪಾಸಣೆ ಮುಗಿದ ಮೇಲಿನ ಕೆಲಸ ನಿಜಕ್ಕೂ ಕಷ್ಟದ್ದು. ಗಾಬರಿ ಏರಿದ ಹೊತ್ತಿನಲ್ಲಿ ಉಸಿರನ್ನು ನಿಧಾನ ಮಾಡಬೇಕು. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಹೊಟ್ಟೆ ಉಬ್ಬುವಂತೆ ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಆಳವಾಗಿ ಎಳೆಯುವುದಕ್ಕಿಂತ ನಿಧಾನವಾಗಿ ಬಿಡುವುದೇ ಇಲ್ಲಿ ಮುಖ್ಯ. ಗಾಬರಿಯ ದಾಳಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನಾಗಿಯೇ ಇಳಿಯಲು ಶುರುವಾಗುತ್ತದೆ. ನೀವು ಏನೂ ಮಾಡದಿದ್ದರೂ ಇಳಿಯುತ್ತದೆ. ಇದನ್ನು ಮೈಗೆ ಕಲಿಸಬೇಕೆಂದರೆ ಒಮ್ಮೊಮ್ಮೆ ಏನೂ ಮಾಡದೆ ಕೂರಲೂಬೇಕು, ಇಲ್ಲವಾದರೆ ಉಸಿರಿನ ಎಣಿಕೆಯೇ ಇನ್ನೊಂದು ಕೈಸಾಲವಾಗುತ್ತದೆ.

ನಾಡಿ ನೋಡುವ, ಬಿಪಿ ಅಳೆಯುವ, ಮೊಬೈಲಿನಲ್ಲಿ ಹುಡುಕುವ ಅಭ್ಯಾಸವನ್ನು ಒಂದೇ ದಿನದಲ್ಲಿ ಬಿಡಲಾಗುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಕೈ ಯಂತ್ರದ ಕಡೆ ಹೋದಾಗ ಹದಿನೈದು ನಿಮಿಷ ಮುಂದೂಡಿ. ಮರುವಾರ ಅರ್ಧ ಗಂಟೆ. ಮುಂದೂಡಿದಾಗ ಆತಂಕ ಮೊದಲು ಏರುತ್ತದೆ, ಅದು ಸೋಲಿನ ಗುರುತಲ್ಲ. ಆ ಏರಿಕೆಯನ್ನು ದಾಟಿಯೇ ಮಿದುಳು ‘ನೋಡದಿದ್ದರೂ ಏನೂ ಆಗಲಿಲ್ಲ’ ಎಂಬುದನ್ನು ಕಲಿಯುತ್ತದೆ. ನಿಜವಾಗಿ ಬಿಪಿ ಇರುವವರು ಮಾತ್ರ ವೈದ್ಯರು ಹೇಳಿದ ದಿನ, ಹೇಳಿದ ಹೊತ್ತಿಗೆ ನೋಡಿ ಬರೆದಿಡಬೇಕು.

ಇನ್ನೊಂದು ಕಡೆ ಬದುಕನ್ನು ಮತ್ತೆ ಹಿಗ್ಗಿಸಬೇಕು. ಎದೆಬಡಿತಕ್ಕೆ ಹೆದರಿ ನಡಿಗೆ ಬಿಟ್ಟವರಿಗೆ ಕೆಲವೇ ತಿಂಗಳಲ್ಲಿ ಮೈಕಸುವು ಇಳಿದು, ಒಂದು ಮಹಡಿ ಹತ್ತಿದರೂ ಏದುಸಿರು ಬರುತ್ತದೆ. ಅದನ್ನೇ ರೋಗದ ಪುರಾವೆ ಎಂದುಕೊಳ್ಳುತ್ತಾರೆ. ವೈದ್ಯರು ಒಪ್ಪಿದ ಮೇಲೆ ಬೇಕೆಂದೇ ಮೆಟ್ಟಿಲು ಹತ್ತಬೇಕು, ಬೇಕೆಂದೇ ಬೆವರಬೇಕು, ಬಡಿತ ಏರಿ ಇಳಿಯುವುದನ್ನು ಅನುಭವಿಸಬೇಕು. ಕಲಬುರಗಿಯವರಿಗೆ ಅಪ್ಪನ ಕೆರೆಯ ಸುತ್ತ ಬೆಳಗಿನ ತಂಪಿನಲ್ಲಿ ನಡೆಯುವುದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ.

ಮನೆಯವರಿಗೂ ಒಂದು ಮಾತು. ತಮ್ಮ ಬಂದು ‘ಅಕ್ಕಾ, ನನಗೆ ಏನೂ ಆಗುವುದಿಲ್ಲ ಅಲ್ಲವೇನು?’ ಎಂದಾಗ ‘ಏನೂ ಇಲ್ಲ ತಮ್ಮಾ, ಸುಮ್ಮನಿರು’ ಎನ್ನುವುದು ಪ್ರೀತಿಯಿಂದಲೇ ಬರುತ್ತದೆ. ಅರ್ಧ ಗಂಟೆಯ ನಂತರ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಅವನು ಆರಾಮವಿರುವ ಹೊತ್ತಿನಲ್ಲಿ ಕೂತು ಮಾತಾಡಿ ಒಂದು ಒಪ್ಪಂದ ಮಾಡಿಕೊಳ್ಳಿ. ಆಮೇಲೆ ಪ್ರಶ್ನೆ ಬಂದಾಗ, ‘ನಿನಗೆ ಗಾಬರಿಯಾಗಿದೆ, ನನಗೆ ಕಾಣುತ್ತಿದೆ. ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವಲ್ಲ ತಮ್ಮಾ. ಬಾ, ರೊಟ್ಟಿ ಬಡಿಯುತ್ತಿದ್ದೇನೆ, ಒಲೆಯ ಹತ್ತಿರ ಕೂತುಕೋ’ ಎನ್ನಬಹುದು. ಉತ್ತರ ಸಿಗಲಿಲ್ಲ, ಜೊತೆ ಸಿಕ್ಕಿತು. ಬೈಯುವುದು, ಅಣಕಿಸುವುದು ಎಂದೂ ಕೆಲಸ ಮಾಡುವುದಿಲ್ಲ.

ಇಷ್ಟರಿಂದ ಹಿಡಿತಕ್ಕೆ ಬರದೆ, ಆರು ತಿಂಗಳಾದರೂ ಕಾಯಿಲೆಯ ಯೋಚನೆ ಕೆಲಸವನ್ನೂ ನಿದ್ದೆಯನ್ನೂ ತಿನ್ನುತ್ತಿದ್ದರೆ ಮನೋವೈದ್ಯರನ್ನು ಕಾಣಬೇಕು. ತೀವ್ರವಾಗಿದ್ದರೆ ಅಷ್ಟು ಕಾಯಬೇಕಾಗಿಯೂ ಇಲ್ಲ. ಇದು ವೈದ್ಯಕೀಯ ಪುಸ್ತಕಗಳಲ್ಲಿ ಹೆಸರಿರುವ ತೊಂದರೆ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ತೊಂದರೆ. ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆ ಹೆಚ್ಚಿನವರಿಗೆ ಮೊದಲ ಆಯ್ಕೆ. ಬೇಕಾದರೆ ಎಸ್ಸಿಟಾಲೋಪ್ರಾಮ್, ಸರ್ಟ್ರಲಿನ್ ಬಗೆಯ ಮಾತ್ರೆಗಳನ್ನು ಕೊಡುತ್ತಾರೆ. ಇವು ಚಟ ಹಿಡಿಸುವ ನಿದ್ದೆ ಮಾತ್ರೆಗಳಲ್ಲ. ಪೂರ್ತಿ ಗುಣ ಕಾಣಲು ಕೆಲವು ವಾರ ಬೇಕು. ಮೊದಲ ಕೆಲವು ದಿನ ಹೊಟ್ಟೆ ತೊಳಸುವುದು, ಚಡಪಡಿಕೆ ಹೆಚ್ಚಬಹುದು, ಅದನ್ನೇ ಹೊಸ ರೋಗವೆಂದು ಭಾವಿಸಿ ನಿಲ್ಲಿಸುವವರು ಬಹಳ. ಆರಂಭಿಸುವಾಗಲೂ ನಿಲ್ಲಿಸುವಾಗಲೂ ವೈದ್ಯರನ್ನು ಕೇಳಬೇಕು. ಇದಕ್ಕೆ ಬದಲಾಗಿ ಅಂಗಡಿಯಿಂದ ಚಟ ಹಿಡಿಸಬಲ್ಲ ಅಲ್ಪ್ರಜೋಲಾಂ ಮಾತ್ರೆ ತಂದು ನುಂಗುವ ಅಭ್ಯಾಸವಿದೆ. ಅದು ಗಾಬರಿಯನ್ನು ಬೇಗ ಇಳಿಸುತ್ತದೆ ನಿಜ, ಬಿಡಲು ಹೋದರೆ ಗಾಬರಿ ಇಮ್ಮಡಿಯಾಗಿ ಮರಳುತ್ತದೆ.

ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಮನೋವೈದ್ಯಕೀಯ ವಿಭಾಗಕ್ಕೆ ನೇರವಾಗಿ ಚೀಟಿ ಮಾಡಿಸಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ನೋಡುವ ವ್ಯವಸ್ಥೆಯಿದೆ. ಹೋಗುವ ಮುನ್ನ ನಿಮ್ಮ ಊರಿನ ಆಸ್ಪತ್ರೆಯಲ್ಲಿ ದಿನ ವಿಚಾರಿಸಿಕೊಳ್ಳಿ. ಹೊರಗೆ ಹೋಗಲು ಮುಜುಗರವಿದ್ದರೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲ ಭೇಟಿಗೆ ಹೋಗುವಾಗ ಆ ದಪ್ಪ ಫೈಲಿನ ಪೂರ್ತಿ ಭಾರ ಹೊರುವುದು ಬೇಡ. ಯಾವ ವರ್ಷ ಯಾವ ಪರೀಕ್ಷೆಯಾಯಿತು, ಏನು ಬಂತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಅದರ ಹಿಂಬದಿಯಲ್ಲಿ, ಈ ಭಯದಿಂದಾಗಿ ನೀವು ಮಾಡುವುದನ್ನು ಬಿಟ್ಟ ಕೆಲಸಗಳನ್ನು ಬರೆಯಿರಿ: ಮದುವೆಗೆ ಹೋಗುವುದು, ಒಬ್ಬರೇ ಬಸ್ಸಿನಲ್ಲಿ ಪ್ರಯಾಣಿಸುವುದು, ಮಗುವನ್ನು ಎತ್ತಿಕೊಂಡು ಮಹಡಿ ಹತ್ತುವುದು. ಚಿಕಿತ್ಸೆ ಎಲ್ಲಿಂದ ಆರಂಭವಾಗಬೇಕು ಎಂಬುದನ್ನು ವೈದ್ಯರು ಆ ಹಿಂಬದಿಯಿಂದಲೇ ಗುರುತಿಸುತ್ತಾರೆ.